ಮೂರು ಲಿಪಿಯ ವಹಿ

ಆಳಂದದ ನಮ್ಮ ಹಳೆಯ ಮನೆಯ ಮಾಳಿಗೆಯನ್ನು ಇಳಿಸಿ ಹೊಸದಾಗಿ ಕಟ್ಟಿಸುವ ಪ್ರಸಂಗ ಬಂದಾಗ, ಜಂತಿಯ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಬಟ್ಟೆಯ ಗಂಟೊಂದು ಕೈಗೆ ಬಂದಿತು. ಅದರೊಳಗಿದ್ದುದು ನನ್ನ ಅಜ್ಜನವರ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮುತ್ಯಾನ, ಒಂದು ವಹಿ. ಕೆಂಪು ರಟ್ಟಿನ, ದಾರದಿಂದ ಹೊಲಿದ, ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆದಿಡುವ ಬಗೆಯ ಉದ್ದನೆಯ ಪುಸ್ತಕ. ಮೊದಲ ಪುಟಗಳಲ್ಲಿ ಮೋಡಿ ಲಿಪಿಯ ಬರವಣಿಗೆ. ಸಾಲುಸಾಲಾಗಿದ್ದ ಅಂಕಿಗಳನ್ನು ಕಂಡು ಜೋಳ ತೊಗರಿಗಳ ಲೆಕ್ಕವಿರಬೇಕೆಂದು ಊಹಿಸಿದೆ. ನಡುವಿನ ಪುಟಗಳಲ್ಲಿ ಉರ್ದು. ಕೊನೆಯ ಇಪ್ಪತ್ತು ಇಪ್ಪತ್ತೈದು ಪುಟಗಳಲ್ಲಿ ದಪ್ಪ ಅಕ್ಷರದ ಕನ್ನಡ: ಭಜನೆಯ ಪದಗಳು, ದನದ ಬಾಯಿಬೇನೆಗೆ ಒಂದೆರಡು ಮದ್ದು, ಯಾರದೋ ಮದುವೆಯ ಖರ್ಚು.

ಮುತ್ಯಾ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ, ಅದೂ ನಾಲ್ಕಾರು ವರ್ಷ. ನಾನಾದರೋ ಕನ್ನಡದಲ್ಲಿ ಎಂ.ಎ. ಮುಗಿಸಿ ಬಹುಕಾಲದಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವವನು. ಆ ವಹಿಯ ಮೂರು ಪಾಲಿನಲ್ಲಿ ಒಂದನ್ನು ಮಾತ್ರ ನಾನು ಓದಬಲ್ಲೆನೆಂಬುದು ಅಂದು ಗೊತ್ತಾಯಿತು. ಗಾರೆಯ ಕೆಲಸದವರು ಜಂತಿಗಳನ್ನು ಇಳಿಸುತ್ತಿದ್ದರು. ಧೂಳಿನ ನಡುವೆ ಆ ವಹಿಯನ್ನು ಹಿಡಿದುಕೊಂಡು ನಿಂತಿದ್ದಾಗ ನನಗಾದ ಸಂಕೋಚ ಇನ್ನೂ ನೆನಪಿನಲ್ಲಿದೆ.

ಓದುಗನೆಂಬ ಹೆಮ್ಮೆ ನನಗೆ ಚಿಕ್ಕಂದಿನಿಂದಲೂ ಉಂಟು. ಓದಿದ ಗ್ರಂಥಗಳ ಹೆಸರನ್ನು ಬರೆದಿಡುವ ಅಭ್ಯಾಸವನ್ನೂ ಇಟ್ಟುಕೊಂಡಿದ್ದೇನೆ. ವಹಿ ಸಿಕ್ಕ ಮರುದಿನ, ಹಿಂದಿನ ವರ್ಷದ ಆ ಯಾದಿಯನ್ನು ತೆಗೆದು ನೋಡಿದೆ. ಒಟ್ಟು ೪೧ ಪುಸ್ತಕಗಳು. ಅವುಗಳಲ್ಲಿ ಕಾದಂಬರಿ, ಕಥೆ, ಕವನ, ವಿಮರ್ಶೆ ಇವೇ ೩೭. ಉಳಿದ ನಾಲ್ಕು ಸಾಹಿತಿಗಳ ಆತ್ಮಕಥೆಗಳು. ಹೆಂಗಸರು ಬರೆದವು ಐದು. ಅನುವಾದ ಒಂದೂ ಇರಲಿಲ್ಲ. ಲೇಖಕರಲ್ಲಿ ಬಹುಮಂದಿ ಅಧ್ಯಾಪಕರು, ಹೆಚ್ಚು ಕಡಿಮೆ ನಾನು ಓದಿದುದನ್ನೇ ಓದಿ, ನಾನು ಪಾಠ ಹೇಳುವುದನ್ನೇ ಪಾಠ ಹೇಳಿದವರು. ಎಂದರೆ, ವರ್ಷವಿಡೀ ನನ್ನಂಥವರ ಜೊತೆಯಲ್ಲಿ ಕುಳಿತು ನನ್ನಂಥವರ ಮಾತನ್ನೇ ಕೇಳಿ ತಲೆದೂಗಿದ್ದೆ. ನೆಲ, ನೀರು, ದೇಹ, ಕಾಯಿದೆ, ಹಣ ಇವುಗಳನ್ನು ಕುರಿತ ಒಂದು ಹೊತ್ತಗೆಯನ್ನೂ ತೆರೆದಿರಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗ್ರಂಥದ ವಿನೋದವನ್ನು ತರಗತಿಯಲ್ಲಿ ಎಷ್ಟೋ ಸಲ ಕೊಂಡಾಡಿದ್ದೇನೆ. ಗಿಡಗಳ ವರ್ಣನೆ ಬಂದ ಕಡೆಗಳಲ್ಲೆಲ್ಲ ಪುಟ ಹಾರಿಸಿದ್ದೇನೆ. ಸಸ್ಯಶಾಸ್ತ್ರಜ್ಞನೊಬ್ಬ ಬರೆದ ಗ್ರಂಥದಲ್ಲಿ ಸಸ್ಯವನ್ನೇ ಬಿಟ್ಟು ಓದಿದ ರಸಿಕತೆ ಎಂಥದು!

ಇದು ಕೇವಲ ನನ್ನ ಅಭ್ಯಾಸದ ದೋಷವಾಗಿದ್ದರೆ ಪತ್ರಿಕೆಯಲ್ಲಿ ಹೇಳಿಕೊಳ್ಳುವ ಕಾರಣವಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳಂಥ ತಾಲ್ಲೂಕುಗಳಲ್ಲಿ ಹುಟ್ಟಿದವನಿಗೆ ಇಂಥ ಇಕ್ಕಟ್ಟಾದ ಓದು ಒಂದು ಬಗೆಯ ಕೃತಘ್ನತೆಯೆಂದು ನನಗೆ ತೋರಿತು. ಪಡುವಲಿಗೆ ಅಕ್ಕಲಕೋಟೆ, ಅದರಾಚೆ ಸೊಲ್ಲಾಪುರ. ೧೯೪೮ರ ತನಕ ಹೈದರಾಬಾದಿನ ಆಡಳಿತ. ೧೯೫೬ರ ನವೆಂಬರ್ ೧ರಿಂದ ಕನ್ನಡದ ರಾಜ್ಯ. ಕನ್ನಡ, ಮರಾಠಿ, ಉರ್ದು, ದಖನಿ ಇಲ್ಲಿನ ಸಂತೆಯಲ್ಲಿ ಒಂದೇ ಚೌಕಾಸಿಯೊಳಗೆ ಬೆರೆಯುತ್ತವೆ. ನಮ್ಮ ಕಿವಿ ನಾಲ್ಕು ಭಾಷೆಗಳದು, ಕಣ್ಣು ಮಾತ್ರ ಒಂದೇ ಭಾಷೆಯದಾಗಿದೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ಮಹಾರಾಷ್ಟ್ರದ ಕಡೆಯ ವೃದ್ಧೆಯೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಮಡಿಲಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಗ್ರಂಥ. ನಾನು ಈ ಸೀಮೆಯ ಅಧ್ಯಾಪಕನೆಂದು ತಿಳಿದೊಡನೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, “ಹಾಗಾದರೆ ನೀವು ಪೋಥಿ ಎಷ್ಟು ಸಲ ಓದಿದ್ದೀರಿ?” ಎಂದು ಕೇಳಿದರು. ಓದಿರುವೆನೋ ಇಲ್ಲವೋ ಎಂಬ ಸಂಶಯವೇ ಅವರಿಗಿರಲಿಲ್ಲ. ಪೋಥಿಯೆಂದರೆ ‘ಗುರುಚರಿತ್ರೆ’. ನಾನು ಒಂದು ಸಲವೂ ಓದಿರಲಿಲ್ಲ. ಅದು ಮರಾಠಿಯ ಭಕ್ತಿಗ್ರಂಥ, ಪಾರಾಯಣದವರಿಗೆ ಸೇರಿದ್ದು, ಕನ್ನಡ ಸಾಹಿತ್ಯಚರಿತ್ರೆಗೆ ಸಂಬಂಧವಿಲ್ಲದ್ದು ಎಂದು ತಿಳಿದುಕೊಂಡಿದ್ದೆ.

ಆ ತಿಳಿವಳಿಕೆ ಎಷ್ಟು ಪೊಳ್ಳೆಂಬುದು ಓದಿದ ಮೇಲೆ ಗೊತ್ತಾಯಿತು. ಭೀಮಾ ಅಮರಜಾ ನದಿಗಳ ಸಂಗಮದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಗಳ ಚರಿತ್ರೆಯನ್ನು ಓವಿ ಛಂದಸ್ಸಿನಲ್ಲಿ ಬರೆದ ಸರಸ್ವತೀ ಗಂಗಾಧರನು ಗುರುಗಳ ಶಿಷ್ಯನಾದ ಸಾಯಂದೇವನ ವಂಶದವನು. ಆ ಸಾಯಂದೇವನ ಊರು ಆಳಂದ ತಾಲ್ಲೂಕಿನ ಕಡಗಂಚಿಯೆಂಬುದು ಸಂಪ್ರದಾಯ. ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವುದು ಈ ಕಡಗಂಚಿಯಲ್ಲಿಯೇ. ಗ್ರಂಥದ ಆರಂಭದಲ್ಲಿಯೇ ಕವಿಯು ಮರಾಠಿ ತನಗೆ ಬಾರದ ಭಾಷೆಯೆಂದು ಹೇಳಿಕೊಂಡಿದ್ದಾನೆ. ಮನೆಯಲ್ಲಿ ಕನ್ನಡವಾಡುವವನೊಬ್ಬ ನೆರೆಯ ಭಾಷೆಯನ್ನು ಕಲಿತು ಬರೆದ ಗ್ರಂಥವನ್ನು ಆ ಭಾಷೆಯ ಮನೆಮನೆಗಳಲ್ಲಿ ಶತಮಾನಗಳಿಂದ ಸಪ್ತಾಹ ಪಾರಾಯಣ ಮಾಡುತ್ತಿದ್ದಾರೆ. ಇನ್ನೂ ಸ್ವಾರಸ್ಯವಾದುದೆಂದರೆ, ನಲವತ್ತೊಂದನೆಯ ಅಧ್ಯಾಯದಲ್ಲಿ ಸಾಯಂದೇವನು ಗುರುವನ್ನು ಸ್ತುತಿಸುವ ಪದ ಕನ್ನಡದಲ್ಲಿದೆ. ಕನ್ನಡ ಒಂದಕ್ಷರವೂ ತಿಳಿಯದ ಎಷ್ಟೋ ಮಂದಿ ಪಾರಾಯಣದ ವೇಳೆ ದೇವನಾಗರಿಯಲ್ಲಿ ಅಚ್ಚಾದ ಆ ಕನ್ನಡವನ್ನು ಭಕ್ತಿಯಿಂದ ಉಚ್ಚರಿಸುತ್ತಾರೆ. ಕನ್ನಡವನ್ನು ಬೋಧಿಸುವ ನನಗೆ ಅದು ಅಲ್ಲಿರುವ ಸುಳಿವೇ ಇರಲಿಲ್ಲ.

ಭಕ್ತಿಯ ಮಾತನ್ನು ಬದಿಗಿಟ್ಟು ಓದಿದರೂ ಆ ಗ್ರಂಥದಲ್ಲಿ ನಮ್ಮ ನೆಲವಿದೆ. ಗುರುಗಳ ಮಾತಿನಂತೆ ತೆನೆ ಬಲಿಯುವ ಮುನ್ನವೇ ನಿಂತ ಜೋಳದ ಪೈರನ್ನು ಕೊಯ್ದುಬಿಡುವ ಒಕ್ಕಲಿಗನ ಕಥೆಯೊಂದು ಅಲ್ಲಿ ಬರುತ್ತದೆ. ಅವನ ಹೆಂಡಿರು ಮಕ್ಕಳ ಗೋಳು, ಹೊಲದ ಪಾಲುಗಾರಿಕೆಯ ತಕರಾರು, ಊರವರ ನಗೆ ಇವೆಲ್ಲ ಪವಾಡಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದವು. ಹಿಂದಿನ ಜನ್ಮದಲ್ಲಿ ಅಗಸನಾಗಿದ್ದವನು ಬೀದರಿನ ಮುಸಲ್ಮಾನ ದೊರೆಯಾಗಿ ಹುಟ್ಟಿ, ಗುರುವನ್ನರಸಿಕೊಂಡು ಗಾಣಗಾಪುರಕ್ಕೆ ಬರುವ ಕಥೆಯೂ ಇದೆ. ಅಲ್ಲಿನ ವರ್ಣಾಶ್ರಮದ ನಿಷ್ಠೆ, ವಿಧವೆಯರಿಗೆ ಹೇಳಿದ ಕಠಿನ ನಿಯಮಗಳು ನನಗೆ ಒಪ್ಪಿಗೆಯಾಗುವಂಥವಲ್ಲ. ಆದರೆ ಒಪ್ಪದುದನ್ನು ಓದಲಾರೆನೆನ್ನುವವನು ಎಷ್ಟನ್ನು ಓದಿಯಾನು?

ಒಪ್ಪುವ ಒಪ್ಪದ ಮಾತು ಬಂದುದರಿಂದ ನಮ್ಮ ಊರಿನ ಇನ್ನೊಬ್ಬನ ವಿಚಾರವನ್ನು ಹೇಳಬೇಕು. ಏಕಾಂತದ ರಾಮಯ್ಯ ಆಳಂದದವನು. ಶಾಸನದಲ್ಲಿ ಊರಿನ ಹೆಸರು ಅಲಂದೆ. ಅವನ ಶಿವನಿಷ್ಠೆಯನ್ನು ಹರಿಹರನ ರಗಳೆಯಲ್ಲಿ ಓದಿ ರೋಮಾಂಚಗೊಂಡಿದ್ದೆ; ನಮ್ಮೂರಿನವನೆಂಬ ಅಭಿಮಾನವೂ ಸೇರಿತ್ತು. ಬಹಳ ತಡವಾಗಿ, ಹಾವೇರಿ ಜಿಲ್ಲೆಯ ಅಬ್ಬಲೂರಿನ ದೇವಾಲಯದಲ್ಲಿರುವ, ಸುಮಾರು ೧೨೦೦ರ ಶಾಸನದ ಪಾಠವನ್ನು ನೋಡಿದೆ. ಫ್ಲೀಟ್ ಸಾಹೇಬರು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಪಣವೊಡ್ಡಿ ತಲೆಯನ್ನು ಅರಿದುಕೊಂಡು, ಏಳನೆಯ ದಿನ ಮತ್ತೆ ಪಡೆದು, ಮಾತಿಗೆ ತಪ್ಪಿದ ಜೈನರ ಬಸದಿಯ ಜಿನಬಿಂಬವನ್ನು ರಾಮಯ್ಯನು ಮುರಿದ ವೃತ್ತಾಂತ ಅಲ್ಲಿಯೂ ಇದೆ. ಆದರೆ ಕಾವ್ಯದಲ್ಲಿ ಭಕ್ತಿಯ ಆವೇಶವಾಗಿ ಹರಿದುಹೋದುದು ಕಲ್ಲಿನಲ್ಲಿ ವ್ಯವಹಾರವಾಗಿ ನಿಲ್ಲುತ್ತದೆ: ಪಣದ ಕರಾರು, ಬಿಜ್ಜಳನ ಮುಂದೆ ಜೈನರ ದೂರು, ರಾಮಯ್ಯನಿಗೆ ದೊರೆತ ಜಯಪತ್ರ, ದೇವಾಲಯಕ್ಕೆ ಅರಸರು ಬಿಟ್ಟ ದತ್ತಿ. ಅಲ್ಲಿಗೆ ಬಂದಾಗ, ದೂರು ತಂದವರ ಕಡೆಯ ಮಾತನ್ನು ನಾನು ಎಂದಾದರೂ ಕೇಳಿದ್ದೆನೆ ಎಂಬ ಪ್ರಶ್ನೆ ಹುಟ್ಟಿತು. ಪಂಪ ರನ್ನರನ್ನು ಕವಿಗಳೆಂದು ಓದಿದ್ದೆನೇ ಹೊರತು, ಬಿಂಬವನ್ನು ಕಳೆದುಕೊಂಡ ಊರಿನ ಶ್ರಾವಕನೊಬ್ಬನ ಮನಸ್ಸಿನಿಂದ ಓದಿರಲಿಲ್ಲ. ಆ ವರ್ಷ ‘ಆದಿಪುರಾಣ’ವನ್ನು ಪುನಃ ಓದಿದೆ. ಅದೇ ಪುಸ್ತಕ, ಪೆನ್ಸಿಲಿನ ಗುರುತುಗಳೂ ಅವೇ. ಆದರೆ ಹಿಂದೆ ಧಾರ್ಮಿಕ ಭಾಗವೆಂದು ಅವಸರದಲ್ಲಿ ದಾಟಿದ್ದ ಪುಟಗಳಲ್ಲಿಯೇ ಈ ಸಲ ನಿಂತುಬಿಟ್ಟೆ.

ವೈವಿಧ್ಯವೆಂದೊಡನೆ ರಷ್ಯಾ, ಲ್ಯಾಟಿನ್ ಅಮೆರಿಕಾಗಳನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ಅವನ್ನೂ ಓದಬೇಕು, ಬೇಡವೆನ್ನಲಾರೆ. ಆದರೆ ಅಪರಿಚಿತವಾದುದು ಯಾವಾಗಲೂ ಸಮುದ್ರದಾಚೆ ಇರಬೇಕೆಂಬ ನಿಯಮವಿಲ್ಲ. ಶರಣಕುಮಾರ ಲಿಂಬಾಳೆಯವರು ಹುಟ್ಟಿದ್ದು ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ. ಆಳಂದದಿಂದಲೂ ಅಫಜಲಪುರದಿಂದಲೂ ಗಡಿ ದಾಟಿದರೆ ಆ ತಾಲ್ಲೂಕೇ. ೧೯೮೪ರಲ್ಲಿ ಹೊರಬಂದ ಅವರ ಆತ್ಮಕಥೆ ‘ಅಕ್ಕರಮಾಶಿ’ ಇಂಗ್ಲಿಷಿಗೂ ಹೋಯಿತು. ನೆರೆಯಲ್ಲಿಯೇ ಇದ್ದ ನನ್ನನ್ನು ತಲಪಲು ಬಹಳ ವರ್ಷ ಹಿಡಿಯಿತು. ಹಸಿವು, ಜಾತಿ, ತಂದೆಯ ಹೆಸರಿಲ್ಲದವನ ಪಾಡು ಇವನ್ನು ನಾವು ತರಗತಿಯಲ್ಲಿ ‘ಶೋಷಣೆ’ ಎಂಬ ಒಂದು ಶಬ್ದದಲ್ಲಿ ಮುಗಿಸಿಬಿಡುತ್ತೇವೆ. ಆ ಪುಸ್ತಕವನ್ನು ಓದಿದ ಮೇಲೆ ಆ ಶಬ್ದವನ್ನು ಆಡುವಾಗ ನನ್ನ ನಾಲಗೆ ಸ್ವಲ್ಪ ತಡೆಯುತ್ತದೆ.

ಇನ್ನು, ಅಚ್ಚಿನ ಹೊರಗಿರುವ ಸಾಹಿತ್ಯದ ಮಾತು. ಜೇವರ್ಗಿಯ ಕಡೆಯ ಹಳ್ಳಿಯಿಂದ ಬಂದ ಹುಡುಗನೊಬ್ಬನಿಗೆ, ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಗ್ರಂಥಾಲಯದಿಂದ ತಂದು ಓದಿ ಒಂದು ಪ್ರಬಂಧ ಬರೆಯೆಂದು ಹೇಳಿದ್ದೆ. ಅವನು ನಿಂತಲ್ಲೇ ಒಂದು ಕ್ಷಣ ಅನುಮಾನಿಸಿ, “ಸರ, ಮಡಿವಾಳಪ್ಪನ ಪದ ನಮ್ಮ ಕಡಿ ಓದೂದಿಲ್ರೀ, ಹಾಡತಾರ” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಅವನು ನಗಲಿಲ್ಲ. ಬರುವ ಅಮಾವಾಸ್ಯೆಗೆ ಊರಿಗೆ ಬರಬೇಕೆಂದು ಕರೆದ.

ಹೋದೆ. ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ. ಏಕತಾರಿ, ದಮ್ಮಡಿ, ತಾಳ, ಒಂದು ಪೇಟಿ. ಅಕ್ಷರ ಬಾರದ ಮುದುಕರೊಬ್ಬರು ಪದ ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಿದ್ದರು. ಒಂದೊಂದು ಪದ ಮುಗಿದ ಮೇಲೆ ಅದರ ಒಳಗಿನ ಅರ್ಥವನ್ನು ಕುರಿತು ಜಗಳವೇ ಆಗುತ್ತಿತ್ತು. ನಮ್ಮ ವಿಚಾರಗೋಷ್ಠಿಗಳಲ್ಲಿ ಅಂಥ ಜಗಳವನ್ನು ನಾನು ಕಂಡಿಲ್ಲ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿರುವ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ಶಿಷ್ಯವರ್ಗದಲ್ಲಿ ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪರೊಡನೆ ಚನ್ನೂರ ಜಲಾಲಸಾಹೇಬರೂ ಇದ್ದರು. ಇದನ್ನು ಪುಸ್ತಕದಿಂದ ಕಂಠಪಾಠ ಮಾಡಿ ಹೇಳುತ್ತಿದ್ದ ನಾನು, ಆ ರಾತ್ರಿ ಆ ಪದಗಳ ಮಟ್ಟು ಬೇರೆ ಬೇರೆಯಾದುದನ್ನು ಕಿವಿಯಿಂದ ಕೇಳಿದೆ. ಹಾಡುಗಾರರಿಗೆ ಮಡಿವಾಳಪ್ಪನೂ ಜಲಾಲಸಾಬನೂ ಒಂದೇ ಮಾಲೆಯ ಹೂಗಳು. ‘ಸೌಹಾರ್ದ’ ಎಂಬ ಮಾತನ್ನು ಯಾರೂ ಆಡಲಿಲ್ಲ. ಜೇವರ್ಗಿಯವರೇ ಆದ ಷಣ್ಮುಖಸ್ವಾಮಿಗಳ ವಚನಗಳನ್ನು ಹನ್ನೆರಡನೆಯ ಶತಮಾನದವುಗಳ ನೆರಳೆಂದು ನಾವು ಬದಿಗಿಟ್ಟಿರುವುದೂ ಇಂಥದೇ ಓದಿನ ಸೋಮಾರಿತನವೆಂದು ತೋರುತ್ತದೆ. ಹದಿನೇಳನೆಯ ಶತಮಾನದಲ್ಲಿ ‘ಅಖಂಡೇಶ್ವರ’ ಎಂಬ ಅಂಕಿತದಿಂದ ಏಳುನೂರರಷ್ಟು ವಚನಗಳನ್ನು ಬರೆದವರು, ಹಿಂದಿನವರನ್ನು ಅನುಕರಿಸುವುದೊಂದೇ ಕಾರಣಕ್ಕೆ ಬರೆದಿರಲಾರರು.

ಓದನ್ನು ಹೀಗೆ ಹರಡಿಕೊಂಡರೆ ಆಳ ತಪ್ಪುತ್ತದೆಯೆಂದು ನನ್ನ ಗುರುಸಮಾನರಾದ ಹಿರಿಯರೊಬ್ಬರು ಎಚ್ಚರಿಸಿದರು. ಆ ಮಾತಿನಲ್ಲಿ ಸತ್ಯವುಂಟು. ಹತ್ತು ಕಡೆ ಬಾಯಿ ಹಾಕಿ ಒಂದನ್ನೂ ಅರಗಿಸಿಕೊಳ್ಳದವರನ್ನು ನಾನೂ ಬಲ್ಲೆ. ಆದರೆ ಪಂಪನನ್ನು ಆಳವಾಗಿ ಬಲ್ಲೆವೆಂದುಕೊಂಡ ನಮಗೆ ಅವನ ಹಿಂದಿನ ಮಳಖೇಡವೇ ಗೊತ್ತಿಲ್ಲ. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಆ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷನ ಕಾಲದಲ್ಲಿಯೇ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಸಂಸ್ಕೃತದಲ್ಲಿ ಹುಟ್ಟಿತು. ಮುಂದಿನ ಶತಮಾನದಲ್ಲಿ ಅಲ್ಲಿಯೇ ಪುಷ್ಪದಂತನು ಅಪಭ್ರಂಶದಲ್ಲಿ ‘ಮಹಾಪುರಾಣ’ವನ್ನು ರಚಿಸಿದನು. ಕಾವ್ಯ ಓದುವವನಿಗೆ ಗಣಿತ ಬೇಡವೆಂಬ ಬೇಲಿಯನ್ನು ಆ ಕಾಲ ಹಾಕಿದಂತೆ ಕಾಣುವುದಿಲ್ಲ. ಬೇಲಿ ಪಠ್ಯಕ್ರಮದ್ದು. ಹತ್ತಿರದ ಉದಾಹರಣೆ ಬೇಕೆಂದರೆ, ೧೯೧೮ರಲ್ಲಿ ಉರ್ದುವನ್ನು ಬೋಧನಭಾಷೆಯನ್ನಾಗಿ ಇಟ್ಟುಕೊಂಡು ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಸಿದ್ಧಯ್ಯ ಪುರಾಣಿಕರು ಕನ್ನಡದ ಕವಿಯಾದರು. ರಾಯಚೂರಿನ ಶಾಂತರಸರು ತಮ್ಮ ಉರ್ದುವಿನ ಓದಿನಿಂದ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿ ಕನ್ನಡಗಳೆರಡರಲ್ಲಿಯೂ ಬರೆದು, ೧೯೭೪ರ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು.

ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಹೇಳುವಾಗ ನನಗೆ ಅಳುಕುಂಟು. ಅವರ ಕೈಯಲ್ಲಿರುವುದು ಸ್ಪರ್ಧಾ ಪರೀಕ್ಷೆಯ ಮಾರ್ಗದರ್ಶಿಗಳು. ಸಂವಿಧಾನದ ೩೭೧(ಜೆ) ವಿಧಿಯಿಂದ ನಮ್ಮ ಜಿಲ್ಲೆಗಳವರಿಗೆ ನೌಕರಿಯಲ್ಲಿ ಮೀಸಲು ಬಂದ ಮೇಲೆ, ಹೊಲ ಒತ್ತೆಯಿಟ್ಟು ಓದಿಸುವ ತಂದೆತಾಯಿಗಳ ಆಸೆಯೆಲ್ಲ ಆ ಪುಸ್ತಕಗಳ ಮೇಲೆ ಕುಳಿತಿದೆ. ಅದನ್ನು ಹೀನಾಯ ಮಾಡುವ ಅಧಿಕಾರ ಸಂಬಳ ಬರುವ ನನಗಿಲ್ಲ. ಆದರೂ ಒಬ್ಬ ಹುಡುಗಿಗೆ, ಗುರುಚರಿತ್ರೆಯ ಜೋಳದ ಕಥೆಯನ್ನು ಹೇಳಿ, ಅವರ ಮನೆಯ ೧೯೫೦ರ ದಶಕದ ಖಾಸ್ರಾ ಪಹಣಿಯಲ್ಲಿ ಏನು ಬರೆದಿದೆಯೋ ಓದಿಸಿಕೊಂಡು ಬಾ ಎಂದಿದ್ದೆ. ಹೊಲ ಯಾರ ಹೆಸರಿನಲ್ಲಿತ್ತು, ಯಾರು ಉಳುತ್ತಿದ್ದರು ಎಂಬುದನ್ನು ತಿಳಿದುಕೊಂಡು ಬಂದವಳು, ಭೂಸುಧಾರಣೆಯನ್ನು ಕುರಿತ ಪುಸ್ತಕವನ್ನು ತಾನಾಗಿಯೇ ಕೇಳಿದಳು. ಪರೀಕ್ಷೆಗೂ ಅದು ಉಪಯೋಗಕ್ಕೆ ಬಂದಿತಂತೆ. ಬರದಿದ್ದರೂ ನನಗೆ ಬೇಸರವಿರುತ್ತಿರಲಿಲ್ಲ.

ಪುಸ್ತಕ ಸಿಕ್ಕುವುದಾದರೂ ಎಲ್ಲಿ ಎಂಬ ಪ್ರಶ್ನೆ ಪಟ್ಟಣದವರಿಗೆ ಹೊಳೆಯದು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು ೧೯೬೫ರಲ್ಲಿ. ಹಳ್ಳಿಯ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಈಗ ‘ಅರಿವು ಕೇಂದ್ರ’ಗಳೆನಿಸಿಕೊಂಡಿವೆ. ನಾನು ಕಂಡ ಕೆಲವೆಡೆ ಒಳ್ಳೆಯ ಪುಸ್ತಕಗಳಿವೆ, ಬೀಗ ತೆರೆಯುವ ಹೊತ್ತು ಗೊತ್ತಿರುವವರಿಲ್ಲ. ಕೆಲವೆಡೆ ಓದುವ ಮಕ್ಕಳಿದ್ದಾರೆ, ಬಂದಿರುವ ಪುಸ್ತಕಗಳು ಅವರಿಗಾಗಿ ಆರಿಸಿದವಲ್ಲ. ಗಡಿಯ ಊರುಗಳಲ್ಲಿ ಮರಾಠಿಯ, ಉರ್ದುವಿನ ಪುಸ್ತಕಗಳೂ ನಾಲ್ಕಿದ್ದರೆ ಯಾರಿಗೆ ನಷ್ಟ?

ನನ್ನ ಯಾದಿಯ ಈಗಿನ ಸ್ಥಿತಿಯನ್ನು ಹೇಳದೆ ಉಪದೇಶ ಮಾಡಿದರೆ ಸಲ್ಲದು. ನನ್ನ ರುಚಿಯ ಎರಡು ಪುಸ್ತಕ ಮುಗಿದ ಮೇಲೆ ರುಚಿಯಿಲ್ಲದ ಒಂದನ್ನು ಹಿಡಿಯುತ್ತೇನೆ. ಹಣಕಾಸಿನ ವಿಚಾರದ ಗ್ರಂಥವೊಂದು ಅರವತ್ತನೆಯ ಪುಟದಲ್ಲಿ ನನ್ನನ್ನು ಸೋಲಿಸಿತು. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಹುಡುಕಿ ತಂದೆ; ಅವುಗಳ ವಿಜ್ಞಾನ ಹಳೆಯದಾಗಿದ್ದರೂ, ಒಬ್ಬ ಕಾದಂಬರಿಕಾರ ಅಷ್ಟನ್ನು ತಿಳಿದುಕೊಳ್ಳಲು ಪಟ್ಟ ಶ್ರಮ ಹಳೆಯದಾಗಿಲ್ಲ. ‘ಹಸುರು ಹೊನ್ನು’ವನ್ನು ಈ ಸಲ ಗಿಡಗಳ ಸಮೇತ ಓದಿದೆ.

ಉರ್ದು ಕಲಿಯಲು ಸಹೋದ್ಯೋಗಿಯೊಬ್ಬರ ಬಳಿ ಸಂಜೆಯ ಹೊತ್ತು ಕುಳಿತೆ. ನಲವತ್ತು ದಾಟಿದವನಿಗೆ ಅಲಿಫ್ ಬೇ ತಿದ್ದಿಸುವುದು ಅವರಿಗೂ ವಿನೋದವಾಗಿತ್ತು. ಅಕ್ಷರ ಕೂಡಿಸಿ ಓದುವಷ್ಟಾಗಲು ಮೂರು ತಿಂಗಳು ಹಿಡಿಯಿತು. ಮುತ್ಯಾನ ಅವಸರದ ಕೈಬರಹ ಆಗಲೂ ಬಗೆಹರಿಯಲಿಲ್ಲ. ಕೊನೆಗೆ ವಹಿಯನ್ನೇ ಅವರ ಮುಂದಿಟ್ಟೆ. ಮೊದಲ ಕೆಲವು ಪುಟಗಳನ್ನು ಅವರು ಸರಾಗವಾಗಿ ಓದಿದರು: ಮಳೆ ಹೋದ ವರ್ಷ ತೀರುವಳಿಗೆ ವಾಯಿದೆ ಕೇಳಿ ತಹಸೀಲಿಗೆ ಬರೆದ ಅರ್ಜಿಯ ಕರಡು, ಬಾವಿಯ ಹಕ್ಕಿನ ತಕರಾರು. ಆಮೇಲೆ ಒಂದು ಪುಟಕ್ಕೆ ಬಂದು ತಡೆದರು. ಕನ್ನಡಕ ತೆಗೆದು ಒರೆಸಿಕೊಂಡರು. “ಇದು ಉರ್ದು ಅಲ್ಲ. ಅಕ್ಷರ ನಮ್ಮವೇ, ಮಾತು ಹತ್ತುತ್ತಿಲ್ಲ” ಎಂದರು. ಹಾಗೆಯೇ ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿರೆಂದು ಕೇಳಿಕೊಂಡೆ. ಅವರು ತೊದಲುತ್ತ ಓದತೊಡಗಿದರು. ಮೂರನೆಯ ಸಾಲಿಗೆ ನನಗೆ ಗುರುತು ಹತ್ತಿತು. ಜೇವರ್ಗಿಯ ಆ ಹಳ್ಳಿಯ ಕಟ್ಟೆಯ ಮೇಲೆ ಅಮಾವಾಸ್ಯೆಯ ರಾತ್ರಿ ಕೇಳಿದ್ದ ಮಡಿವಾಳಪ್ಪನವರ ಪದ ಅದು. ಮುತ್ಯಾ ಕನ್ನಡದ ಪದವನ್ನು ತನಗೆ ಶಾಲೆಯಲ್ಲಿ ಮೊದಲು ರೂಢಿಯಾದ ಅಕ್ಷರದಲ್ಲಿ ಇಳಿಸಿಕೊಂಡಿದ್ದರು. ಕನ್ನಡದ ಅಕ್ಷರ ಕಲಿತದ್ದು ಆಮೇಲಿರಬೇಕು. ಕೊನೆಯ ಪುಟಗಳಲ್ಲಿ ಅದೇ ಪದ ದಪ್ಪಕ್ಷರದ ಕನ್ನಡದಲ್ಲಿ ಮತ್ತೊಮ್ಮೆ ಇದೆ. ಎರಡು ಪಾಠಗಳಿಗೂ ನಾಲ್ಕೈದು ಕಡೆ ವ್ಯತ್ಯಾಸ. ಯಾವುದು ಹಾಡಿನ ಪಾಠ, ಯಾವುದು ಯಾರಿಂದಲೋ ಕೇಳಿ ತಿದ್ದಿಕೊಂಡದ್ದು ಎಂದು ಹೇಳಲಾರದೆ, ಎರಡನ್ನೂ ಬರೆದುಕೊಂಡು ಆ ಹುಡುಗನ ಊರಿಗೆ ಕಳಿಸಿದ್ದೇನೆ.

ಮೋಡಿಯ ಪುಟಗಳು ಇನ್ನೂ ಹಾಗೆಯೇ ಇವೆ. ಅಕ್ಕಲಕೋಟೆಯಲ್ಲಿ ಹಳೆಯ ಕಾಗದಪತ್ರಗಳನ್ನು ಓದಬಲ್ಲ ವೃದ್ಧರೊಬ್ಬರಿದ್ದಾರೆಂದು ಕೇಳಿದೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಡಬೇಕು.